ಮೊಲದ ಮಾಮನ ಅರ್ಧ ಕಥೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಕ್ಕಳ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಸ್ಟ್ರೆಚರಿನ ಒಂದು ಚಕ್ರ ಕಿರ್ ಎನ್ನುತ್ತಿದೆ. ಅದನ್ನು ತಳ್ಳುತ್ತಿರುವ ವಾರ್ಡ್‌ಬಾಯ್‌ನ ತಲೆಯೆಲ್ಲ ನರೆತಿದೆ. ಮಕ್ಕಳು ಅವರನ್ನು ಕರೆಯುವುದು ಮೊಲದ ಮಾಮ ಎಂದು.

ಸ್ಟ್ರೆಚರಿನ ಮೇಲಿರುವ ಪುಟ್ಟಿಗೆ ಟಾನ್ಸಿಲ್ ತೆಗೆಯಬೇಕು. ಅಮ್ಮನ ಕೈ ಬಿಟ್ಟಾಗಿನಿಂದ ಅವಳ ತುಟಿ ನಡುಗುತ್ತಿದೆ. ಮಾಮ ತಮ್ಮ ಕಥೆಯಲ್ಲಿ ಆಗಲೇ ಸಿಂಹವನ್ನೂ ಮೊಲವನ್ನೂ ಬಾವಿಯ ಹತ್ತಿರ ತಂದು ನಿಲ್ಲಿಸಿದ್ದಾರೆ.

"ನಂಗೊತ್ತು, ಸಿಂಹ ಬಾವಿಗೆ ಹಾರುತ್ತೆ. ಅಜ್ಜಿ ಹೇಳಿದಾಳೆ," ಎನ್ನುತ್ತಾಳೆ ಪುಟ್ಟಿ.

ಮಾಮ ಅಷ್ಟಕ್ಕೆಲ್ಲ ಸೋಲೊಪ್ಪುವ ಆಸಾಮಿಯಲ್ಲ. "ಅದು ಅಜ್ಜಿ ಕಾಲದ ಸಿಂಹ ಕಣಮ್ಮ. ಇದು ಅದರ ಮಗ. ಅಪ್ಪ ಬಿದ್ದ ಬಾವಿ ಮಗನಿಗೆ ಗೊತ್ತಿರಲ್ವಾ? ಹತ್ರಾನೇ ಹೋಗ್ತಿಲ್ಲ."

"ಹಂಗಾದ್ರೆ ಮೊಲ ಏನ್ಮಾಡುತ್ತೆ?"

"ಅದೂ ಅದನ್ನೇ ಯೋಚಿಸ್ತಾ ಕೂತಿದೆ. ನೀನು ಮಲಗಿ ಎದ್ದು ಬಾ, ಹೇಳ್ತೀನಿ."

ಆಪರೇಷನ್ ಕೋಣೆಯ ಬಾಗಿಲು ಮುಚ್ಚುತ್ತದೆ. ಅಳುವುದು ಪುಟ್ಟಿಗೆ ಮರೆತೇ ಹೋಗಿದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಮ ಒಬ್ಬ ಪೋರನಿಗೆ ಪೂರ್ತಿ ಕಥೆ ಹೇಳಿ ಎಡವಟ್ಟು ಮಾಡಿಕೊಂಡಿದ್ದರು. "ಮುಗೀತಲ್ಲ, ಮನೆಗೆ ಹೋಗೋಣ ಅಂತ ಕೆಳಗೆ ಜಿಗಿದು ಓಟ ಕಿತ್ತ. ಲಾಡಿ ಬಿಚ್ಚಿದ ಗೌನು ಹಾರಿಸ್ಕೊಂಡು ಅವನು, ಹಿಂದೆ ನಾನು, ನನ್ನ ಹಿಂದೆ ಸಿಸ್ಟರು!" ಎಂದು ಈಗಲೂ ನೆನೆದು ನಗುತ್ತಾರೆ. ಆ ದಿನವೇ ಅವರಿಗೆ ತಮ್ಮ ಅಮ್ಮ ನೆನಪಾದಳು. "ಕೂಲಿಗೆ ಹೊರಡೋವಾಗ ಅರ್ಧ ಕಥೆ ಹೇಳೋಳು, ಸಂಜೆ ಬಂದು ಇನ್ನರ್ಧ. ಕಥೆ ಉಳಿಸಿ ಹೋಗಿದಾಳೆ ಅಂದ್ರೆ ಬಂದೇ ಬರ್ತಾಳೆ ಅಂತ ನಂಗೆ ಧೈರ್ಯ."

ಯಾವಾಗಲೂ ಮೊಲವೇ ಏಕೆ ಎಂದು ಕೇಳಿದರೆ ಮಾಮನ ಉತ್ತರ ಸಿದ್ಧ. "ಅದಕ್ಕೆ ಕೊಂಬಿಲ್ಲ, ಕೋರೆಯಿಲ್ಲ. ಎರಡು ಕಿವಿ, ಒಂದಿಷ್ಟು ಭಯ, ಅಷ್ಟೇ. ಇಲ್ಲಿಗೆ ಬರೋ ಮಕ್ಕಳೂ ಹಂಗೇ ಅಲ್ವಾ?"

ದಿನಕ್ಕೆ ಹತ್ತಾರು ಸಲ ಈ ಕಾರಿಡಾರು ತುಳಿದು ಅವರ ಮಂಡಿ ಸವೆದಿದೆ. ಆಪರೇಷನ್ ಮಾಡಿಸಿಕೋ ಎಂದು ಡಾಕ್ಟರು ಗದರುತ್ತಾರೆ. ಮುಂದಿನ ತಿಂಗಳು ಎನ್ನುತ್ತಾರೆ ಮಾಮ. ಯಾವ ವರ್ಷದ್ದು ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಮಕ್ಕಳಿಗೆ ಧೈರ್ಯ ಹೇಳುವ ಮನುಷ್ಯನಿಗೆ ಆ ಬಾಗಿಲೆಂದರೆ ಭಯ, ಪಾಪ.

ಇವತ್ತಿನ ಫಜೀತಿಯೇ ಬೇರೆ. ಮುಂದಿನ ಕಥೆ ಅವರಿಗೇ ಗೊತ್ತಿಲ್ಲ. "ಸಿಂಹಕ್ಕೆ ಜ್ವರ ಬರಿಸಿಬಿಡಿ," ಎಂದು ಸಿಸ್ಟರ್ ನಗುತ್ತಾರೆ. ಮಾಮನಿಗೆ ನಗು ಬರುತ್ತಿಲ್ಲ. "ಎದ್ದಾಗ ಕಥೆ ಇಲ್ಲ ಅಂದ್ರೆ ಆ ಮಗು ಇನ್ಯಾರ ಮಾತು ನಂಬುತ್ತೆ?"

ಬಿಸಿಲೇರುವ ಹೊತ್ತಿಗೆ ಪುಟ್ಟಿ ಕಣ್ಣು ಬಿಡುತ್ತಾಳೆ. ಗಂಟಲು ನೋವಿಗೆ ಮಾತು ಹೊರಡದು. ಮೆಲ್ಲಗೆ ಕೈಯೆತ್ತಿ, ತಲೆಯ ಪಕ್ಕ ಎರಡು ಬೆರಳು ನಿಲ್ಲಿಸುತ್ತಾಳೆ. ಮೊಲ ಏನಾಯಿತು?

ಮಾಮ ಬಗ್ಗುತ್ತಾರೆ. "ಒಂದ್ಸಲ ಅಪ್ಪನ್ನ ಕರೆದು ನೋಡು ಅಂತು ಮೊಲ. ಸಿಂಹ ಹೆದರ್ತಾ ಹೆದರ್ತಾ ಬಗ್ಗಿ 'ಅಪ್ಪಾ' ಅಂತು. ಬಾವೀನೂ 'ಅಪ್ಪಾ' ಅಂತು. ಹಸಿವು, ಸಿಟ್ಟು ಎಲ್ಲ ಮರೆತು ಸಿಂಹ ಅತ್ತುಬಿಡ್ತು. ಅಷ್ಟು ಹೊತ್ತೂ ಮೊಲ ಅದರ ಬಾಲ ಹಿಡ್ಕೊಂಡೇ ಇತ್ತು, ಬೀಳದೇ ಇರ್ಲಿ ಅಂತ."

ಪುಟ್ಟಿ ಅವರ ಅಂಗಿಯ ತುದಿ ಹಿಡಿದುಕೊಂಡು ಮತ್ತೆ ನಿದ್ದೆಹೋಗುತ್ತಾಳೆ. ಬಿಡಿಸಿಕೊಳ್ಳಲು ಮನಸ್ಸಾಗದೆ ಮಾಮ ನೋವಿನ ಮಂಡಿಯಲ್ಲೇ ನಿಂತಿರುತ್ತಾರೆ.

"ನನ್ನ ಆಪರೇಷನ್ನೂ ಮಾಡಿಸ್ಕೊಂಡೇ ಬಿಡ್ತೀನಿ," ಎನ್ನುತ್ತಾರೆ ಸಿಸ್ಟರಿಗೆ, ಮೆಲುದನಿಯಲ್ಲಿ. "ನನ್ನನ್ನ ತಳ್ಕೊಂಡು ಹೋಗೋರು ಒಂದು ಮೊಲದ ಕಥೆ ಹೇಳ್ಲಿ, ಸಾಕು. ಪೂರ್ತಿ ಮಾತ್ರ ಹೇಳ್ಬಾರ್ದು."