ಎರಡೇ ಆಂಪಿಯರ್

ನನ್ನ ಗಂಡ ವಾಷಿಂಗ್ ಮೆಷಿನ್ ಮುಟ್ಟಿ ಸತ್ತರು. ದೇವರು ಕರೆಸಿಕೊಂಡ ಎನ್ನುವವರು ಹಾಗೆ ಹೇಳಿಕೊಳ್ಳಲಿ, ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ. ಎಪ್ರಿಲಿನ ಒಂದು ಬೆಳಿಗ್ಗೆ, ಕುಲಶೇಖರದ ನಮ್ಮ ಬಾಡಿಗೆ ಮನೆಯ ಹಿಂದಿನ ಜಗಲಿಯಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಟ್ಟೆ ತೆಗೆಯಲು ಕೈ ಹಾಕಿದ್ದರು. ನಾನು ಒಳಗೆ ನೀರುದೋಸೆ ಹೊಯ್ಯುತ್ತಿದ್ದೆ.

ಆಮೇಲೆ ವಿದ್ಯುತ್ ಇಲಾಖೆಯಿಂದ ತನಿಖೆಗೆ ಬಂದವರು ಮೆಷಿನಿಗೆ ಪುನಃ ಕರೆಂಟು ಕೊಟ್ಟು, ಅರ್ತ್ ತಂತಿಗೆ ಚಿಮುಟದಂಥ ಮೀಟರ್ ಕಚ್ಚಿಸಿ ಅಳೆದರು. ವೋಲ್ಟೇಜು ಇನ್ನೂರ ಮೂವತ್ತು. ತಂತಿಯಲ್ಲಿ ಹರಿಯುತ್ತಿದ್ದದ್ದು ಎರಡು ಪಾಯಿಂಟ್ ಮೂರು ಆಂಪಿಯರ್. ಅವರು ಅಷ್ಟು ಹೇಳಿ ಹೋದರು. ಮನೆಯ ಧಣಿ ಆ ಅಂಕಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಎರಡೇ ಆಂಪಿಯರ್ ಅಂತೆ ಮಾರಾಯ್ರೆ," ಎಂದು ಉತ್ತರಕ್ರಿಯೆಯ ಊಟದ ಪಂಕ್ತಿಯಲ್ಲಿ ಕೂತು ಹೇಳುತ್ತಿದ್ದರು. "ಅಷ್ಟಕ್ಕೆ ಯಾರಾದ್ರೂ ಸಾಯ್ತಾರಾ? ಹಾರ್ಟಿನದ್ದು ಎಂತದೋ ಮೊದಲೇ ಇದ್ದಿರ್ಬೇಕು. ನಮ್ಮ ವೈರಿಂಗಿನದ್ದು ಏನೂ ಇಲ್ಲ."

ಪಕ್ಕದಲ್ಲಿದ್ದವರು ತಲೆಯಾಡಿಸಿದರು. ಒಬ್ಬರು ಸಾರು ಕೇಳಿದರು.

ನಾನು ಓದಿದ್ದು ಎಸ್ಸೆಸೆಲ್ಸಿವರೆಗೆ, ಕನ್ನಡ ಮಾಧ್ಯಮದಲ್ಲಿ. ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದು, ಮತ್ತೆ ಎಂದೂ ಬೇಕಾಗಿರಲಿಲ್ಲ. ಆ ದಿನ ಎಲೆ ಎತ್ತುತ್ತಾ ಭಾಗಿಸಿದೆ. ಇನ್ನೂರ ಮೂವತ್ತನ್ನು ಎರಡು ಪಾಯಿಂಟ್ ಮೂರರಿಂದ ಭಾಗಿಸಿದರೆ ನೂರು ಓಮ್.

ನೂರು ಓಮ್ ಎಂದರೆ ಆ ಅರ್ತ್ ಸತ್ತಿತ್ತು ಎಂದೇ ಅರ್ಥ. ಮೆಷಿನಿನ ಮೈಗೆ ಕರೆಂಟು ತಗುಲಿದರೆ ಅದು ಅರ್ತ್ ತಂತಿ ಹಿಡಿದು ಧಾರಾಳವಾಗಿ ನೆಲಕ್ಕೆ ಹರಿಯಬೇಕು. ರೋಧ ಎರಡು ಮೂರು ಓಮ್ ಇದ್ದಿದ್ದರೆ ಎಂಬತ್ತು, ನೂರು ಆಂಪಿಯರ್ ನುಗ್ಗಿ ಮೀಟರ್ ಬೋರ್ಡಿನ ಹದಿನಾರು ಆಂಪಿಯರಿನ ಟ್ರಿಪ್ ಸ್ವಿಚ್ಚು ತಕ್ಷಣ ಕೆಳಗೆ ಬೀಳುತ್ತಿತ್ತು. ಎರಡೇ ಆಂಪಿಯರ್ ಹರಿದದ್ದರಿಂದ ಅದು ಬೀಳಲಿಲ್ಲ. ಗುಣಿಸಿದರೆ ಐನೂರು ಚಿಲ್ಲರೆ ವಾಟ್. ಯಾರೋ ಮಿಕ್ಸಿಯಲ್ಲಿ ಚಟ್ನಿ ಅರೆಯುತ್ತಿದ್ದಾರೆ ಎಂದಷ್ಟೇ ಸ್ವಿಚ್ಚಿಗೆ ಕಂಡಿರಬೇಕು. ಇತ್ತ ಮೆಷಿನಿನ ಮೈಮೇಲೆ ಪೂರ್ತಿ ಇನ್ನೂರ ಮೂವತ್ತು ವೋಲ್ಟ್ ಕೂತಿತ್ತು. ಒದ್ದೆ ಮೈಯ ರೋಧ ಸುಮಾರು ಸಾವಿರ ಓಮ್ ಎನ್ನುತ್ತಾರೆ. ಅದನ್ನೂ ಲೆಕ್ಕ ಹಾಕಿದೆ. ಕಾಲು ಆಂಪಿಯರಿಗೂ ಕಡಿಮೆ, ಐವತ್ತಮೂರು ವಾಟ್. ಹಳೆಯ ಅರವತ್ತರ ಬಲ್ಬು ಉರಿಯಲು ಬೇಕಾಗುವಷ್ಟೂ ಇಲ್ಲ. ಅಷ್ಟರಲ್ಲಿ ನನ್ನ ಗಂಡನನ್ನು ಮುಗಿಸಿಬಿಟ್ಟಿತು. ಪಂಕ್ತಿಯಲ್ಲಿ ಕೂತವರು ಪಾಯಸ ಸುರಿಯುತ್ತಾ ಹಾರ್ಟಿನ ಮಾತಾಡುತ್ತಿದ್ದರು.

ಅರ್ತ್ ಹೇಗೆ ಸತ್ತಿತು ಎಂಬುದು ಆ ವಠಾರದ ಎಲ್ಲರಿಗೂ ಗೊತ್ತು. ನಮ್ಮ ಕಡೆಯ ಮುರಮಣ್ಣು ಬೇಸಗೆಯಲ್ಲಿ ಕಲ್ಲಿನಂತೆ ಒಣಗುತ್ತದೆ, ಒಣಮಣ್ಣು ಕರೆಂಟನ್ನು ಒಳಗೆ ಬಿಡುವುದಿಲ್ಲ. ಅದಕ್ಕೇ ಅರ್ತ್ ತಂತಿ ನೆಲಕ್ಕಿಳಿಯುವ ಗುಂಡಿಯ ಬದಿಯಲ್ಲಿ ಬಸಳೆ ನೆಟ್ಟು ಚಪ್ಪರ ಹಾಕುತ್ತಾರೆ. ಬಸಳೆಗೆ ಹೊಯ್ದ ನೀರು ಗುಂಡಿಗೂ ಇಳಿಯುತ್ತದೆ. ನನ್ನ ಗಂಡ ದಿನಾ ಸಂಜೆ ಎರಡು ಕೊಡಪಾನ ಹೊಯ್ಯುತ್ತಿದ್ದರು. ಧಣಿಗಳ ಮಗನ ಮದುವೆಗೆ ಕಾರು ನಿಲ್ಲಿಸಲು ಜಾಗ ಬೇಕಾಯಿತು. ಚಪ್ಪರ ಕಿತ್ತು ಅಂಗಳಕ್ಕೆಲ್ಲ ಇಂಟರ್‌ಲಾಕ್ ಸಿಮೆಂಟ್ ಬ್ಲಾಕು ಹಾಸಿದರು. "ಗುಂಡಿ ಬಾಯಿ ಆದ್ರೂ ಬಿಡಿ," ಎಂದು ನನ್ನ ಗಂಡ ಕೇಳಿದ್ದಕ್ಕೆ ಧಣಿ, "ಚಂದ ಕೆಡ್ತದೆ," ಎಂದಿದ್ದರು.

ಮನೆ ಬಿಡುವ ದಿನ ಬೆಳಿಗ್ಗೆ ಧಣಿ ಕೀ ಕೇಳಲು ಬಂದರು. ಹೊಸ ಬಾಡಿಗೆಯವರ ಟೆಂಪೋ ಗೇಟಿನ ಹೊರಗೆ ನಿಂತಿತ್ತು. ಸಾಮಾನಿನ ನಡುವೆ ಹಗ್ಗ ಬಿಗಿದ ವಾಷಿಂಗ್ ಮೆಷಿನ್ ನನಗೆ ಕಂಡಿತು.

"ಮೊದಲು ಗುಂಡಿ ತೆಗೆಸಿ," ಎಂದೆ. "ಆಮೇಲೆ ಕೀ."

"ಪುನಃ ಅದೇ ರಾಗವಾ ಅಕ್ಕ? ಇಂಟರ್‌ಲಾಕ್ ಒಮ್ಮೆ ಎಬ್ಬಿಸಿದ್ರೆ ಮತ್ತೆ ಸಮ ಕೂರುವುದಿಲ್ಲ. ಮಳೆ ಬಂದ್ರೆ ನೆಲ ತಾನೇ ಒದ್ದೆ ಆಗ್ತದೆ."

"ಬರುವ ವರ್ಷ ಎಪ್ರಿಲ್ ಬರುವುದಿಲ್ವಾ?"

ಟೆಂಪೋದಿಂದ ಹೆಂಗಸೊಬ್ಬರು ಇಳಿದು ಬಂದರು. ಬ್ಯಾರಿ ಮನೆಯವರು, ಅಳಿಯ ಗಲ್ಫಿನಲ್ಲಿ, ಮಗಳೊಂದಿಗೆ ಇರಲು ಬಂದವರು. ಎಂತ ಆಯ್ತು ಎಂದು ಕೇಳಿದರು. ನಾನು ಹೇಳಿದೆ. ನೂರು ಓಮ್ ಎಂದಾಗ ಅವರಿಗೆ ಅರ್ಥವಾಗಲಿಲ್ಲ. ಸ್ವಿಚ್ಚು ಬೀಳಲಿಲ್ಲ, ಮನುಷ್ಯ ಬಿದ್ದರು ಎಂದಾಗ ಅರ್ಥವಾಯಿತು.

"ನೀವು ಹಾರ್ಟ್ ಎಟಾಕ್ ಅಂದಿದ್ರಲ್ಲ?" ಎಂದು ಧಣಿಗಳ ಕಡೆ ತಿರುಗಿದರು.

"ಹಾಗೇ ಲೆಕ್ಕ, ಈಗ ಇವರು..."

"ಎಂತ ಲೆಕ್ಕ? ಬಟ್ಟೆ ಒಗೆಯುವುದು ನನ್ನ ಮಗಳು. ನಿಮ್ಮ ಅಂಗಳದ ಚಂದ ನೋಡ್ಲಿಕ್ಕೆ ಅವಳು ಇರ್ಬೇಕಲ್ಲ." ಮತ್ತೆ ಡ್ರೈವರಿಗೆ ಕೂಗಿ, "ಮೆಷಿನ್ ಇಳಿಸ್ಬೇಡ ಮಾರಾಯ, ಎರಡು ಕುರ್ಚಿ ಮಾತ್ರ ಕೊಡು," ಎಂದರು. ಒಂದರಲ್ಲಿ ತಾವು ಕೂತು ಇನ್ನೊಂದನ್ನು ನನ್ನ ಕಡೆ ತಳ್ಳಿದರು. "ನಾವು ಇಲ್ಲೇ ಉಂಟು. ನೀವು ಜನ ಕರೀರಿ."

ಧಣಿ ಫೋನು ತೆಗೆದರು. ಕೆಲಸದವರು ಬಂದು ಹಾರೆಯಿಂದ ಬ್ಲಾಕುಗಳನ್ನು ಎಬ್ಬಿಸಿದರು. ಗುಂಡಿಯ ಪೈಪಿನ ಬಾಯಿಗೆ ಸಿಮೆಂಟ್ ತುಂಬಿತ್ತು. ತಂತಿ ಬಿಗಿದ ನಟ್ಟು ತುಕ್ಕು ಹಿಡಿದು ಕೈಗೇ ಬಂತು. ಅವರು ಹೊಸ ಗುಂಡಿ ತೋಡಿ, ಪೈಪು ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿ ನೀರು ಹೊಯ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದೇಹೋಯಿತು. ಅಳೆದಾಗ ಮೂರು ಓಮ್ ಬಂತು. ಒಂದು ಬೆಳಗಿನ ಕೆಲಸ ಉಳಿಸಲು ಧಣಿ ನನ್ನ ಗಂಡನನ್ನು ಕೊಂದಿದ್ದರು.

"ಈಗ ಸಮಾಧಾನ ಆಯ್ತಾ ಅಕ್ಕ?" ಎಂದು ಧಣಿ ಕೈ ಚಾಚಿದರು.

"ಇಲ್ಲ," ಎಂದೆ. ಕೀಯನ್ನು ಆ ಹೆಂಗಸಿನ ಕೈಗೆ ಕೊಟ್ಟೆ.