ಬಾತಿನಜ್ಜಿಯ ಕಿವಿ

ಬಾತಿನಜ್ಜಿಯ ಕಿವಿಹಾಲೆಗಳು ಹೆಗಲಿಗೆ ತಾಗುವಷ್ಟು ಜೋತುಬಿದ್ದಿದ್ದವು. ಓಲೆ ಎಂದೋ ಹೋಗಿತ್ತು, ತೂತು ಮಾತ್ರ ಉಳಿದಿತ್ತು. ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲದಲ್ಲಿ ನಾನು ಸತ್ತೇಗಾಲಕ್ಕೆ ಸೊಸೆಯಾಗಿ ಬಂದಾಗ ಅವಳು ಪಕ್ಕದ ಮನೆಯವಳು. ಗಂಡ ಸತ್ತಿದ್ದ. ಹಿತ್ತಿಲ ಬಾತುಗಳ ಮೊಟ್ಟೆ ಮಾರಿ ಒಬ್ಬಳೇ ಬದುಕುತ್ತಿದ್ದಳು. ಕೌದಳ್ಳಿಯ ಮಗಳ ಮನೆಗೆ ಹೋಗಿರು ಎಂದರೆ, ಅಬ್ಬಾ, ಅವಳ ಬಾಯಿ!

“ಅಳೀನ ಮನೆ ಕೂಳು ಗಂಟ್ಲಲ್ಲಿ ಇಳಿಯಲ್ಲ ಕನವ್ವ. ಮೊಟ್ಟೆ ಇರೋಗಂಟ ನಾ ಯಾರ ಜಗ್ಲಿಗೂ ಓಗಲ್ಲ.”

ಕೊಯ್ಲಾದ ಗದ್ದೆಯಲ್ಲಿ ಉದುರಿದ ಭತ್ತ ತೀರುವ ಹೊತ್ತಿಗೆ ಮರಿಗಳಲ್ಲಿ ಗಂಡನ್ನು ಆರಿಸಿ ಮಾರಿಬಿಡಬೇಕು. ಎಲ್ಲಕ್ಕೂ ಮೇವು ಎಲ್ಲಿಂದ ತರುವುದು? ಗಂಡಿನ ಬಾಲದ ಗರಿ ಸುರುಳಿಯಾಗುವುದು ಆಮೇಲೆ. ಅಲ್ಲಿಯವರೆಗೆ ದನಿಯೇ ಗತಿ. ಅಜ್ಜಿ ಮರಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿಯುವಳು.

“ಜೋರಾಗಿ ಬಡ್ಕಂಡ್ರೆ ಎಣ್ಣು, ಗಂಟ್ಲು ಕಟ್ಟಿದಂಗಂದ್ರೆ ಗಂಡು. ನಮ್ಮನೇಲೂ ಅಂಗೇ ಇತ್ತು!” ಎಂದು ನಗುವಳು.

ಮುಂದೊಂದು ವರ್ಷ ಬೇಲಿಯಾಚೆಯಿಂದ ಎಷ್ಟು ಕೂಗಿದರೂ ಅವಳು ತಿರುಗುತ್ತಿರಲಿಲ್ಲ. ಹತ್ತಿರ ಹೋಗಿ, “ಕಿವಿ ಕೇಳಿಸ್ತಿಲ್ವ ಅಜ್ಜಿ? ಮರಿ ನಾನು ಆರಿಸ್ಲಾ?” ಎಂದು ಕಿರುಚಿದೆ. ಉರಿದುಬಿದ್ದಳು.

“ನೆನ್ನೆ ಬಂದೋಳು ನೀನು! ಬಾತು ಸಾಕ್ದೋಳು ನಾನೋ ನೀನೋ?”

ದನಿ ಕೇಳದೆ, ಕೊಕ್ಕು ಅಗಲವಾಗಿ ತೆರೆದ ನಾಲ್ಕು ಮರಿಗಳನ್ನು ಹೆಣ್ಣೆಂದು ಇಟ್ಟುಕೊಂಡು ಉಳಿದವನ್ನೆಲ್ಲ ಮಾರಿದಳು. ಕೊಂಡವನ ಮಂಕರಿಯಲ್ಲಿ ಅವು ಬೀದಿ ತುಂಬ ಬಡಿದುಕೊಳ್ಳುತ್ತ ಹೋದವು. ಎಲ್ಲ ಹೆಣ್ಣು!

ಹಿತ್ತಿಲಿನ ನಾಲ್ಕಕ್ಕೂ ಒಂದೊಂದಾಗಿ ಬಾಲ ಸುರುಳಿಯಾಯಿತು. ಹಳೆಯ ಬಾತುಗಳು ಮೊಟ್ಟೆ ಇಡುವುದನ್ನು ಆಗಲೇ ನಿಲ್ಲಿಸಿದ್ದವು. ಬೇರೆ ಮರಿ ತರೋಣ ಎಂದು ನಾನು ಕೈಸನ್ನೆ ಮಾಡಿದೆ.

“ಇನ್ಯಾವ ಕಿವೀಲಿ ಆರ್ಸ್ಲವ್ವ?” ಎಂದಳು. ಅಜ್ಜಿ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಆಮೇಲೆ ಅಳಿಯ ಗಾಡಿ ತಂದ.

ಅವಳು ಸತ್ತ ಸುದ್ದಿ ಬರುವುದಕ್ಕೆ ಮುಂಚೆ ಒಮ್ಮೆ ಕೌದಳ್ಳಿಗೆ ಹೋಗಿದ್ದೆ. ಅಜ್ಜಿ ಜಗಲಿಯಲ್ಲಿ ಕೂತಿದ್ದಳು. ಅಳಿಯ ಅವಳ ಮುಂದೆ ತಟ್ಟೆ ಕುಕ್ಕಿ, ನಾನಿದ್ದೇನೆ ಎಂಬ ನಾಚಿಕೆಯೂ ಇಲ್ಲದೆ, “ದಂಡಪಿಂಡ, ಯಾವಾಗ ಸಾಯ್ತೀಯೋ” ಅಂದು ಒಳಗೆ ಹೋದ.

“ಏನಂದನವ್ವ?” ಎಂದು ಅಜ್ಜಿ ನನ್ನನ್ನು ಕೇಳಿದಳು.

“ಉಣ್ಣು ಅಂದ್ರು, ಅಜ್ಜಿ,” ಎಂದು ಅವಳ ಕಿವಿಯಲ್ಲಿ ಕೂಗಿದೆ.

ನನ್ನ ಮುಖವನ್ನೇ ನೋಡಿದಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.