ಹೊಟ್ಟೆನೋವಿಗೆ ಮೆಣಸಿನಕಾಯಿ

ನಾನು ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳ ಆಪ್ತಸಮಾಲೋಚಕಿ. ಇವತ್ತು ಒಬ್ಬ ತಂದೆ ನಮ್ಮ ಶಾಲೆಯಲ್ಲೇ ಓದುವ ಮಗಳನ್ನು ಕರೆತಂದು, "ಸಾಲಿ ಅಂದ್ರ ಹೊಟ್ಟಿ ಹಿಡ್ಕೊಂಡ್ ಅಳತಾಳ್ರಿ" ಎಂದ. ಅವನ ಅಂಗಿಯ ತಂಬಾಕಿನ ವಾಸನೆ ನನ್ನನ್ನು ನಿಪ್ಪಾಣಿಯ ನಮ್ಮ ಪಡಸಾಲೆಗೆ ಎಳೆದೊಯ್ದಿತು.

ಮೂರನೇ ಇಯತ್ತೆಯಲ್ಲಿ ನಾನೂ ಹೀಗೇ ಅಳುತ್ತಿದ್ದೆ. ತಂಬಾಕಿನ ವಖಾರದ ಕೆಲಸ ಮುಗಿಸಿ ಬಂದ ಅಪ್ಪ, "ಇಕಿಗೆ ಏನಾಗೈತಿ?" ಎಂದು ಅವ್ವನನ್ನು ಕೇಳುತ್ತಿದ್ದ. ಅವ್ವ ಅಜ್ಜಿಯನ್ನು ಕೇಳುತ್ತಿದ್ದಳು. ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಮನೆಮಂದಿಯೆಲ್ಲ ಕೆಮ್ಮುತ್ತಿದ್ದರೂ, "ನೋಡ್, ಘಾಟ ಬರವಲ್ದು, ಭಾಳ ದೃಷ್ಟಿ ಆಗೈತಿ!" ಅನ್ನುತ್ತಿದ್ದಳು. ನನ್ನನ್ನು ಮಾತ್ರ ಒಬ್ಬರೂ ಕೇಳಲಿಲ್ಲ. ಶಾಲೆಯ ಪಾಯಖಾನೆಗೆ ಚಿಲಕವಿರಲಿಲ್ಲ, ಅಷ್ಟೇ. ಹುಡುಗರು ಬಾಗಿಲು ದೂಡುತ್ತಾರೆಂದು ಹೆದರಿ ಸಂಜೆಯವರೆಗೂ ತಡೆದುಕೊಂಡಿರುತ್ತಿದ್ದೆ.

ಇವತ್ತೂ ಹುಡುಗಿಯನ್ನು ಕೇಳಿದ್ದಕ್ಕೆಲ್ಲ ಅವಳ ಅಪ್ಪನೇ ಉತ್ತರ ಕೊಟ್ಟ. ರೋಸಿಹೋಗಿ, "ನೀವು ಒಂದೀಟು ಹೊರಗ ಕುಂದರ್ರಿ" ಎಂದೆ. ಅವನು ಎದ್ದು ಹೋದ ಮೇಲೆ ಹುಡುಗಿ ನನ್ನ ಕಿವಿಯಲ್ಲಿ, "ಟೀಚರ್, ಪಾಯಖಾನಿಗೆ ಚಿಲಕ ಇಲ್ರಿ" ಎಂದಳು.

ನೆಟ್ಟಗೆ ಹೆಡ್‌ಮಾಸ್ತರರ ಹತ್ತಿರ ಹೋಗಿ ಹೇಳಿದೆ.

"ಚಿಲಕದ ವಿಚಾರ ನಮಗ ಬಿಡ್ರಿ ಮೇಡಂ" ಎಂದರು ಅವರು. "ನೀವು ಮಕ್ಕಳ ಮನಸ್ಸು ನೋಡ್ಕೋರಿ."